ಅಸಲು ಅವ್ವನ ಕಡೆ ಇರ್ಲಿ

ಕೇಳ್ರಪಾ, ನಗೂದಿದ್ರ ಆಮ್ಯಾಲ ನಗ್ರಿ. ನೀಲವ್ವಗ ಒಬ್ಬನ ಮಗ, ಯಮನೂರ. ಮೈ ಆಳೆತ್ತರ, ತಲಿ ಖಾಲಿ ಗಡಗಿ. "ನನ್ನ ಹಿಂದ ಇವನ್ನ ಯಾರು ನೋಡ್ತಾರೋ ಶಿವನ!" ಇದೊಂದ ಚಿಂತಿ ಆಕಿಗೆ. ಸಾಲಿ ಇಂದುಮತಿ ಅಕ್ಕೋರ ಕಾಲು ಹಿಡದು ಕಂಪ್ಯೂಟರ್ ಖೋಲಿ ಕೆಲಸಕ್ಕ ಹಚ್ಚಿದ್ಳು.

ಅಕ್ಕೋರು ಅಂದ್ರು, "ನಾ ಕೇಳಿದ್ದಕ್ಕ ಬ್ಯಾರೆ ಊರಿನ ಮಾಸ್ತರ್ರು ತಮ್ಮ ಪಾಠ ಕಳಿಸ್ಯಾರ. ಪೆನ್‌ಡ್ರೈವಿಗೆ ಕಾಪಿ ಮಾಡು. ಬರೇ ಪಾಠ ಇರ್ಲಿ, ಬ್ಯಾರೆ ಏನೂ ಬ್ಯಾಡ."

ಮಾಡಿದ. ಮನಿಗೆ ಓಡಿ ಬಂದ. "ಯವ್ವಾ! ಪಾಠ ತಗೊಂಡೆ, ಆದ್ರೂ ಅದು ಅಲ್ಲೇ ಐತಿ!"

ನೀಲವ್ವ ಗಲ್ಲದ ಮ್ಯಾಲ ಕೈ ಇಟ್ಕೊಂಡ್ಳು. "ಏನು ಸೋಜಿಗಪ್ಪಾ! ರೊಟ್ಟಿ ತಗೊಂಡ್ರ ಬುಟ್ಟಿ ಬರಿದಾಗ್ತೈತಿ. ಇದು ಕೊಟ್ಟಷ್ಟೂ ಉಳೀತೈತಂತ!" ರಾತ್ರಿ ಉಣ್ಣೂದೂ ಮರತ್ಳು.

ಮರುದಿನ ಅಕ್ಕೋರು ನೋಡ್ತಾರ, ಮಾಸ್ತರ್ರ ಹೆಸರ ಇಲ್ಲ! ಬರೇ ಪಾಠ ಅಂದಿದ್ರಲ್ಲ, ಅಳಿಸಿಬಿಟ್ಟಿದ್ದ.

"ಲೇ ಖೋಡಿ! ಮಾಡಿದವರ ಹೆಸರು ಇರಬೇಕೋ!"

"ಆತ್ರಿ ಅಕ್ಕೋರ!"

ಬುತ್ತಿ ರೊಟ್ಟಿ ಮ್ಯಾಲ ಇದ್ದಲಿಲೆ ಬರದ, "ಮಾಡಿದವರು: ನೀಲವ್ವ." ಗೌಡರ ಕರುವಿನ ಬೆನ್ನ ಮ್ಯಾಲ ಬರದ, "ಮಾಡಿದವರು: ಊರ ಹೋರಿ." ಗೌಡರು ಸಾಲಿಗೇ ಬಂದು ಒದರಾಡಿದ್ರು. ಅಕ್ಕೋರು ಅವನ್ನ ಬೈದ್ರು:

"ಬರೇ ಹೆಸರು ಬರದ್ರ ಆತೇನೋ? ಮಾಡಿದವರನ್ನ ಕೇಳಿ ತಗೋಬೇಕು!"

"ಆತ್ರಿ ಅಕ್ಕೋರ!"

ನೀರು ತಾ ಅಂದ್ರ, ಬಾವಿ ತೋಡಿಸಿದ ಮುತ್ಯಾನ ಗೋರಿ ಮುಂದ ಕೊಡ ಹಿಡಕೊಂಡು ಕುಂತ. "ಮುತ್ಯಾ, ಒಂದು ಕೊಡ ಒಯ್ಯಲೇನು?" ಮುತ್ಯಾ ಮಾತಾಡ್ಲಿಲ್ಲ. ಸಾಲ್ಯಾಗ ಅನ್ನಕ್ಕ ಎಸರ ಏರಲಿಲ್ಲ.

"ಹುಚ್ಚಪ್ಪಾ! ಸತ್ತು ಎಷ್ಟೋ ಕಾಲ ಆದವರ ಪದ, ಕತಿ ಎಲ್ಲಾ ಊರಿಗೆ ಸೇರಿದ್ದು. ಅದಕ್ಕ ಯಾರನ್ನೂ ಕೇಳೂದು ಬ್ಯಾಡ!"

"ಆತ್ರಿ ಅಕ್ಕೋರ!"

ಸಾಲಿ ಕಟ್ಟಿಸಿದ ದೇಸಾಯರು ಸತ್ತು ಭಾಳ ವರ್ಷ ಆಗಿತ್ತು. ಯಮನೂರ ಬಾಗಲಾ ಕಿತ್ತ, ಕಿಡಕಿ ಕಿತ್ತ. "ಬರ್ರೀ, ಒಯ್ಯಿರೀ! ಊರಿಗೆಲ್ಲಾ ಸೇರಿದ್ದು!"

"ನಾಳೆಯಿಂದ ಬರಬ್ಯಾಡ!" ಅಂದ್ರು ಅಕ್ಕೋರು.

ನೀಲವ್ವ ಗೋಡಿಗೆ ತಲಿ ಹಚ್ಚಿ ಅತ್ಳು. ಮುಂಜಾನೆದ್ದು ಮಗನ್ನ ಎಳಕೊಂಡು ಸಾಲಿಗೆ ಹೋದ್ಳು, ಇನ್ನೊಮ್ಮೆ ಕಾಲು ಹಿಡಿಯಾಕ. ಅಕ್ಕೋರು ಬೈಯಾಕಂತ ಬಾಯಿ ತೆರದವರು ಹಂಗ ನಿಂತ್ರು. ಅವನ ಕೊಳ್ಳಾಗ ಒಂದು ಪಾಟಿ ಜೋತಾಡ್ತಿತ್ತು: "ಮಾಡಿದವರು: ನೀಲವ್ವ. ಕೇಳಿ ಒಯ್ಯಿರಿ."

"ಅಯ್ಯ ಶಿವನ! ಕಲತವರು ಸೈತ ಕೇಳ್ದೆ, ಹೆಸರು ಹೇಳ್ದೆ ಮಂದಿ ಪಾಠ ಎತ್ತಿ ಹಾಕ್ತಾರ. ಇಂವ ನಾ ಹೇಳಿದ್ದು ಒಂದೂ ಮರತಿಲ್ಲಲ್ಲ!" ಅಕ್ಕೋರ ಕಣ್ಣು ತೇವ ಆದವು. "ನೀಲವ್ವಾ, ಕೇಳಾಕತ್ತೀನಿ. ಇವನ್ನ ಒಯ್ಯಲೇನು?"

ನೀಲವ್ವ ಹೂಂ ಅಂತ ಗೋಣು ಹಾಕಿದ್ಳು.

ಯಮನೂರ ಗಾಬರಿಯಾಗಿ ಅವ್ವನ ಸೆರಗು ಹಿಡದ. "ಹಂಗ ಒಯ್ಯಬ್ಯಾಡ್ರಿ ಅಕ್ಕೋರ! ಕಾಪಿ ಮಾಡ್ಕೋರಿ. ಅಸಲು ಅವ್ವನ ಕಡೆ ಇರ್ಲಿ!"