ಹಟಮಾರಿ ಆಚಾರಿಯ ಮೂರು ಅಕ್ಷರ

ಒಂದಾನೊಂದು ಕಾಲ ಅಂತ ಒಂದಿತ್ತಂತೆ ಕೂಸೇ, ಮೊದಲು ಆ ಪುಸ್ತಕ ಆ ಕಡೆ ಇಡು, ಸಂಜೆಯಿಂದ ಮೂರೇ ಮೂರು ಅಕ್ಷರ ಹಿಡ್ಕೊಂಡು ಹಿಂದೆ ಮುಂದೆ ಮಾಡಿ ಕೂಗಿ ಕೂಗಿ ನನ್ನ ತಲೆ ಚಿಟ್ಟು ಹಿಡಿಸಿದ್ದೀಯ. ಆ ಮೂರು ಅಕ್ಷರದ ಕತೇನೇ ಹೇಳ್ತೀನಿ, ಕಣ್ಣು ಮುಚ್ಕೊಂಡು ಕೇಳು. ಆ ಕಾಲದಲ್ಲಿ ಕಡಲ ದಡದಲ್ಲಿ ಒಬ್ಬ ರಾಜ ಇದ್ದನಂತೆ, ಅವನ ಊರಲ್ಲಿ ಮೌನಾಚಾರಿ ಅಂತ ಒಬ್ಬ ಬಡಗಿ ಇದ್ದನಂತೆ. ಹೆಸರಿಗೆ ಮೌನಾಚಾರಿ, ಅವನು ಬಾಯಿ ಮುಚ್ಚಿದ್ದನ್ನ ಕಂಡೋರಿಲ್ಲ. ಆದರೆ ಬಾಗಿಲ ಮೇಲಿನ ಕೆತ್ತನೆಯಲ್ಲಿ ಅವನ ಸರಿಸಮ ಯಾರೂ ಇರಲಿಲ್ಲವಂತೆ. ನಡುವೆ ಲಕ್ಷ್ಮಿ, ಆ ಕಡೆ ಒಂದು ಆನೆ, ಈ ಕಡೆ ಒಂದು ಆನೆ, ಅವರಪ್ಪ ಹಾಗೆ ಮಾಡಿದ್ದ, ಅವರಜ್ಜ ಹಾಗೆ ಮಾಡಿದ್ದ, ಇವನೂ ಹಾಗೇ ಮಾಡ್ತಿದ್ದನಂತೆ.

ಅವನ ಹೆಂಡತಿ ಕಾಳಮ್ಮ. ಅವಳಿಗೆ ಚಿತ್ರ ಬರೆಯೋ ಕೈ. ರಾಜನ ದೊಡ್ಡ ಹಜಾರದ ಗೋಡೆ ತುಂಬ ಹನ್ನೆರಡು ವರ್ಷ ಕೂತು ಚಿತ್ರ ಬರೆದಿದ್ದಳಂತೆ, ಕೆಮ್ಮಣ್ಣು ಅರೆದು, ದೀಪದ ಮಸಿ ಕಲಸಿ, ಬಲೆ ಎಳೆಯೋರು, ಜಡೆ ಹಾಕಿಸ್ಕೊಳ್ಳೋ ಹುಡುಗೀರು, ಮದುವೆ ದಿಬ್ಬಣ, ಎಲ್ಲಾನೂ. ಆ ಹಜಾರದ ಬಾಗಿಲು ಮಾಡಿದ್ದೂ ಮೌನಾಚಾರೀನೇ. ಆದರೆ ಆ ಮಹಾರಾಯ ಬಾಗಿಲು ನಿಲ್ಲಿಸಿ ಹೋದೋನು ಒಳಗೆ ಏನಿದೆ ಅಂತ ಒಂದು ದಿನಾನೂ ತಲೆ ಹಾಕಿ ನೋಡಿರಲಿಲ್ಲವಂತೆ. ಕಾಳಮ್ಮಂಗೆ ಆ ಸಿಟ್ಟು ಹೊಟ್ಟೆಯಲ್ಲೇ ಇತ್ತು.

ಆಮೇಲೆ ಏನಾಯ್ತು, ರಾಜ ನಲವತ್ತು ಹೊಸ ಕುದುರೆ ತರಿಸಿದ, ಕಟ್ಟೋಕೆ ಜಾಗ ಇಲ್ಲ. ಆ ಹಜಾರ ಖಾಲಿ ಬಿದ್ದಿದೆ, ಗೋಡೆಗೆ ಸುಣ್ಣ ಹೊಡೆಸಿ ಕುದುರೆ ಕಟ್ಟಿ ಅಂದನಂತೆ. ಕಾಳಮ್ಮ ಓಡಿ ಹೋಗಿ ಕಾಲಿಗೆ ಬಿದ್ದಳಂತೆ. ರಾಜ ಸ್ವಲ್ಪ ಯೋಚನೆ ಮಾಡಿ, ನೋಡಮ್ಮ, ಹಡಗಲ್ಲಿ ಪರದೇಶದ ಜನ ಬಂದಿದ್ದಾರೆ, ಇನ್ನು ಮೂರು ದಿನ ಇರ್ತಾರೆ, ಅವರು ಒಳಗೆ ಬಂದು ನೋಡಿ ಮೆಚ್ಚಿದರೆ ಚಿತ್ರ ಉಳೀತು, ಇಲ್ಲದಿದ್ರೆ ಸುಣ್ಣ ಅಂದನಂತೆ. ಹಜಾರದ ಹಿಂದೆ ಗುಂಡಿ ತೋಡಿ ಆಗಲೇ ಸುಣ್ಣ ನೆನೆ ಹಾಕಿದ್ದರು, ಅದು ಬುಸಬುಸ ಅಂತ ಕುದಿಯೋದು ಕಾಳಮ್ಮನ ಕಿವಿಗೆ ಬೀಳ್ತಾನೇ ಇತ್ತಂತೆ.

ಪರದೇಶದವರು ಬಾಗಿಲ ಮೇಲೆ ಬರೆದಿದ್ದನ್ನ ಓದಿಯೇ ಒಳಗೆ ಬರೋ ಜನ. ಅದಕ್ಕೆ ರಾಜನ ದುಭಾಷಿ ತಿರುಮಲಯ್ಯ ಒಂದು ಕಾಗದದಲ್ಲಿ ಮೂರು ಅಕ್ಷರ ಬರೆದುಕೊಟ್ಟನಂತೆ, ಎ, ಆರ್, ಟಿ. ಸೇರಿಸಿ ಓದಿದರೆ ಆರ್ಟ್, ಅಂದ್ರೆ ಚಿತ್ರಕಲೆ. ಮೌನಾಚಾರಿ ಮೂರೂ ಅಕ್ಷರಾನ ಹಲಸಿನ ಮರದಲ್ಲಿ ಕೆತ್ತಿದ. ಎ ಅನ್ನೋದು ಗೋಪುರದ ಹಾಗೆ ಚೂಪು ತಲೆ, ಎರಡು ಕಾಲಿನ ಮೇಲೆ ಗಟ್ಟಿ ನಿಂತಿತ್ತು. ಅದನ್ನ ನೋಡಿದ್ದೇ, ಆಹಾ, ಇದು ದೇವರು, ಮಿಕ್ಕ ಎರಡೂ ಚಾಮರ ಬೀಸೋರು ಅಂತ ಎ ಅನ್ನೋದನ್ನ ನಡುವೆ ಇಟ್ಟು, ಆ ಕಡೆ ಆರ್, ಈ ಕಡೆ ಟಿ ಜಡಿದುಬಿಟ್ಟನಂತೆ. ಕಾಳಮ್ಮಂಗೆ ಓದು ಬರ್ತಿರಲಿಲ್ಲ, ಕಣ್ಣಂತೂ ಇತ್ತಲ್ಲ, ಕಾಗದದಲ್ಲಿ ಚೂಪು ತಲೇದು ಅಂಚಿಗಿದೆ ಕಣ್ರೀ ಅಂದಳಂತೆ. ಕಾಗದ ಬರೆಯೋನಿಗೆ ಬಾಗಿಲ ಕೆಲಸ ಏನು ಗೊತ್ತು, ನೀನು ಒಲೆ ನೋಡ್ಕೋ ಹೋಗು ಅಂದನಂತೆ.

ಮೊದಲನೇ ದಿನ ಪರದೇಶದ ಗಂಡಸರು ಹೆಂಗಸರು ಬಂದರು, ತಲೆ ಎತ್ತಿ ಓದಿದರು, ಹೆಂಗಸರೆಲ್ಲ ಲಂಗ ಎತ್ತಿ ಹಿಡ್ಕೊಂಡು ಹಿಂದಕ್ಕೆ ಓಡಿದರಂತೆ. ಯಾಕೆ ಹೇಳು? ಆರ್, ಎ, ಟಿ, ರ್ಯಾಟ್, ಅಂದ್ರೆ ಇಲಿ. ಇದು ಇಲಿ ಮನೆ ಅಂದ್ಕೊಂಡರು. ಅವರಲ್ಲಿ ಒಬ್ಬಳು ಪುಣ್ಯಾತ್ಗಿತ್ತಿ ಪಾಪ ಅಂತ ಹಡಗಿನ ಬೆಕ್ಕನ್ನೇ ಕಳಿಸಿಕೊಟ್ಟಳಂತೆ. ದುಭಾಷಿ ಬಂದು ಹಣೆ ಚಚ್ಚಿಕೊಂಡ. ಮೌನಾಚಾರಿ ಮಾತ್ರ, ಓ, ಅಷ್ಟೇ ತಾನೆ, ಚಾಮರದೋರು ಅದಲು ಬದಲಾಗಿದ್ದಾರೆ, ಸರಿ ಮಾಡ್ತೀನಿ ಬಿಡಿ ಅಂದು, ಆರ್ ಇದ್ದ ಕಡೆ ಟಿ, ಟಿ ಇದ್ದ ಕಡೆ ಆರ್ ಜಡಿದನಂತೆ. ಎ ಮಾತ್ರ ನಡುವಿಂದ ಅಲುಗಲಿಲ್ಲ.

ಎರಡನೇ ದಿನ ಪರದೇಶದವರು ದೂರದಿಂದಲೇ ಓದಿ, ಮೂಗು ಮುಚ್ಕೊಂಡು ಆ ಕಡೆ ಬೀದಿಗೆ ಹೋದರಂತೆ. ಆಮೇಲೆ ಹಡಗಿನ ಆಳುಗಳು ಹತ್ತು ಜನ ಬಕೆಟ್ ಹಿಡ್ಕೊಂಡು ಬಂದು, ಹಡಗಿನ ತಳಕ್ಕೆ ಬಳೀಬೇಕು, ಬೇಗ ಕೊಡಿ ಅಂತ ಬಾಗಿಲು ಬಡಿದರಂತೆ. ಟಿ, ಎ, ಆರ್, ಟಾರ್, ಅಂದ್ರೆ ಡಾಂಬರು. ನಗಬೇಡ ಕಣೆ, ನಕ್ಕರೆ ನಿದ್ದೆ ಹಾರಿಹೋಗುತ್ತೆ. ಕಾಳಮ್ಮಂಗೆ ನಗು ಬರಲಿಲ್ಲ. ಇಲಿ ಆಯ್ತು, ಡಾಂಬರು ಆಯ್ತು, ನಾಳೆ ಇನ್ನೇನು ಮಾಡ್ತೀಯೋ ಮಹಾನುಭಾವ ಅಂತ ಬಾಗಿಲಲ್ಲೇ ಕುಸಿದು ಕೂತಳಂತೆ.

ದುಭಾಷಿ ತಿರುಮಲಯ್ಯ ಕೈ ಮುಗಿದು, ಆಚಾರ್ರೇ, ನಿಮ್ಮ ದಮ್ಮಯ್ಯ, ಎ ಮೊದಲು, ಆಮೇಲೆ ಆರ್, ಆಮೇಲೆ ಟಿ, ಇಷ್ಟೇ ಅಂದನಂತೆ. ಮೌನಾಚಾರಿ ಉಳಿ ಕೆಳಗಿಟ್ಟ. ದೇವರನ್ನ ಮೂಲೆಗೆ ತಳ್ಳೋಕೆ ನನ್ನ ಕೈಲಾಗಲ್ಲ, ಬಾಗಿಲು ಕುಂಟುತ್ತೆ, ನಮ್ಮ ವಂಶದಲ್ಲಿ ಯಾರೂ ಆ ಕೆಲಸ ಮಾಡಿಲ್ಲ, ಬೇಕಾದ್ರೆ ಬೇರೆಯವರ ಕೈಲಿ ಮಾಡಿಸ್ಕೊಳ್ಳಿ ಅಂದನಂತೆ. ಬೇರೆಯವರು ಯಾರು ಬರ್ತಾರೆ? ಅವನ ಬಾಗಿಲು ಮುಟ್ಟೋ ಧೈರ್ಯ ಊರಲ್ಲಿ ಯಾವ ಬಡಗಿಗೂ ಇರಲಿಲ್ಲ. ಅಷ್ಟರಲ್ಲಿ ಮೂರನೇ ದಿನ ಬೆಳಕು ಹರೀತು, ಸುಣ್ಣ ಹೊಡೆಯೋರು ಏಣಿ, ಕುಂಚ ತಂದು ಹಜಾರದ ಪಕ್ಕ ಸಾಲಾಗಿ ಕೂತರು.

ಕಾಳಮ್ಮಂಗೆ ರೋಸಿಹೋಯ್ತು. ಅತ್ತರೂ ಆಗಲಿಲ್ಲ, ಬೈದರೂ ಆಗಲಿಲ್ಲ. ಸೀದಾ ಹೋಗಿ ಗಂಡನ ರಟ್ಟೆ ಹಿಡಿದು, ಬನ್ನಿ ಇಲ್ಲಿ ಅಂತ ದರದರ ಎಳ್ಕೊಂಡು ಹಜಾರದ ಒಳಗೆ ಕರ್ಕೊಂಡು ಹೋದಳಂತೆ. ಹನ್ನೆರಡು ವರ್ಷದಲ್ಲಿ ಅವನು ಒಳಗೆ ಕಾಲಿಟ್ಟಿದ್ದು ಅವತ್ತೇ. ಗೋಡೆ ನೋಡಿದ, ಮಾತು ನಿಂತುಹೋಯ್ತು. ಹೆಸರಿಗೆ ತಕ್ಕ ಹಾಗೆ ಮೌನವಾಗಿದ್ದು ಅದೇ ಮೊದಲಂತೆ. ಕಾಳಮ್ಮ ಮದುವೆ ದಿಬ್ಬಣದ ಮುಂದೆ ಅವನನ್ನ ನಿಲ್ಲಿಸಿ ಕೇಳಿದಳು:

“ಇಲ್ಲಿ ದೀಪ ಹಿಡಿದಿರೋ ಹಿರೀಕರು ಎಲ್ಲಿದ್ದಾರೆ?”

ಮುಂದೆ, ಅಂದನಂತೆ.

“ನಡುವೆ ಯಾಕಿಲ್ಲ?”

ನಡೀತಿದ್ದಾರಲ್ಲ, ನಡೆಯುವಾಗ ದೊಡ್ಡೋರು ಮುಂದೆ ತಾನೆ, ಅಂದನಂತೆ.

“ಮತ್ತೆ ಆ ಇಂಗ್ಲಿಷ್ ಅಕ್ಷರ ಕೂತಿದಾವೆ ಅಂತ ನಿಮಗೆ ಹೇಳಿದ್ದು ಯಾರು? ಅವು ನಡೀತಾ ಇದಾವೆ ಕಣ್ರೀ. ಮುಂದೆ ಚೂಪು ತಲೆ ಎ, ಅವನೇ ಹಿರೀಕ. ಅವನ ಹಿಂದೆ ಬೆನ್ನ ಮೇಲೆ ಗಂಟು ಹೊತ್ಕೊಂಡು, ಹಿಂದಕ್ಕೆ ಕಾಲು ಚಾಚಿ ಹೆಜ್ಜೆ ಹಾಕ್ತಿರೋನು ಆರ್. ಪಾಪ ಆ ಟಿ, ಒಂಟಿ ಕಾಲು, ತಲೆ ಮೇಲೆ ಹಲಗೆ ಬೇರೆ, ಕೊನೆಗೆ ಬರ್ದೆ ಇನ್ನೇನು ಮಾಡುತ್ತೆ?”

ಆಚಾರಿ ಹೊರಗೆ ಬಂದ, ಏಣಿ ಹತ್ತಿದ, ಮೂರೂ ಅಕ್ಷರ ಕಿತ್ತು ದಿಬ್ಬಣದ ಸಾಲಲ್ಲಿ ಜಡಿದ. ಎ, ಆರ್, ಟಿ. ಆಮೇಲೆ ಪರದೇಶದವರು ಬಂದರು, ಓದಿದರು, ಒಳಗೆ ಹೋದರು, ಹೋದೋರು ಊಟದ ಹೊತ್ತಾದರೂ ಆಚೆ ಬರಲಿಲ್ಲವಂತೆ. ಸುಣ್ಣದವರು ಏಣಿಗೆ ಒರಗಿ ಕಾದು ಕಾದು ತೂಕಡಿಸಿದರಂತೆ. ರಾಜ ಬಂದ. ಇವರೆಲ್ಲ ನಿನ್ನ ಬಾಗಿಲು, ಒಳಗಿನ ಚಿತ್ರ ಎರಡನ್ನೂ ಮೆಚ್ಚಿದ್ದಾರೆ ಕಣಯ್ಯ, ಬಾ, ಜೊತೆಯಲ್ಲಿ ನಡಿ, ಎಲ್ಲರಿಗೂ ತೋರಿಸು ಅಂತ ಆಚಾರಿಯ ಹೆಗಲ ಮೇಲೆ ಕೈ ಹಾಕಿದನಂತೆ.

ಮೌನಾಚಾರಿ ಒಂದು ಹೆಜ್ಜೆ ಹಿಂದೆ ಸರಿದ. ಕಂಬದ ಮರೆಯಲ್ಲಿ ಸೆರಗಿಂದ ಕಣ್ಣು ಒರೆಸ್ಕೊಳ್ತಿದ್ದ ಹೆಂಡತೀನ ಕರೆದು, ಎಲ್ಲರ ಎದುರಿಗೆ ಹೇಳಿದನಂತೆ:

“ನೀನು ಮುಂದೆ ನಡಿ ಕಾಳಿ. ನಾವು ಹಿಂದೆ ಬರ್ತೀವಿ.”

ಅವಳು ಮುಂದೆ ನಡೆದಳು, ಅವಳ ಹಿಂದೆ ರಾಜ, ರಾಜನ ಹಿಂದೆ ಪರದೇಶದವರು, ಎಲ್ಲರಿಗಿಂತ ಹಿಂದೆ ಆಚಾರಿ. ಕುದುರೆಗಳಿಗೆ ರಾಜ ಬೇರೆ ಲಾಯ ಕಟ್ಟಿಸಿದ, ಗಂಡ ಹೆಂಡತಿ ಜಗಳ ಆಡ್ಕೊಂಡೇ ಸುಖವಾಗಿದ್ದರಂತೆ. ಕತೆ ಇಲ್ಲಿಗೆ ಮುಗಿದು ಮಲಗ್ತು, ನೀನೂ ಮಲಗು ತಾಯಿ.