ನೈದಿಲೆಯ ಎಲೆಗೆ ಸೀಳು ಬಂದಿದ್ದು

ಬಾ ಮಗಾ, ಕಾಲು ಮಡಚಿ ನನ್ನ ಪಕ್ಕ ಕೂತ್ಕೋ. ಆ ಕಡ್ಡಿ ಕೆಳಗಿಡು. ಹ್ಞೂಂ ಅಂತಿರಬೇಕು, ನಿನ್ನ ಹ್ಞೂಂ ನಿಂತರೆ ನನ್ನ ಕತೆಯೂ ನಿಲ್ಲುತ್ತೆ.

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಸೂರ್ಯನೂ ಹೊಸಬ. ಎಷ್ಟು ಸುಡಬೇಕು ಅಂತ ಅವನಿಗೆ ತಿಳಿಯದು. ಬೆಳಗಾದರೆ ಸಾಕು, ಕೆರೆಯನ್ನು ಗಟಗಟ ಕುಡಿಯುತ್ತಿದ್ದ.

ಆ ಕೆರೆಯಲ್ಲಿ ತಾವರೆ, ನೈದಿಲೆ ಅಂತ ಅಕ್ಕತಂಗಿಯರು. ಇಬ್ಬರ ಎಲೆಯೂ ತಟ್ಟೆಯ ಹಾಗೆ ಗುಂಡಗೆ, ಯಾರದು ಯಾವುದು ಗೊತ್ತೇ ಆಗದು. ಇಬ್ಬರೂ ಸೇರಿ ಎಲೆಗೆ ಎಲೆ ಕೂಡಿಸಿ, ದಡದಿಂದ ದಡಕ್ಕೆ ಹಾಸಿದರು. ಬಿಸಿಲು ಒಳಗೆ ಇಳಿಯಲಿಲ್ಲ. ಕೆರೆ ಉಳಿಯಿತು.

ದಡದ ಊರಲ್ಲಿ ಮೊದಲನೇ ಮದುವೆ ಗೊತ್ತಾಗಿತ್ತು. ಊಟದೆಲೆ ಕೊಯ್ಯುವ ನಿಂಗಾಜಮ್ಮ ಬಂದು ನೋಡಿದಳು.

"ನಾಳಿದ್ದು ಇಬ್ಬರೂ ಪಂಕ್ತಿಗೆ ಬರಬೇಕು ಕಣ್ರವ್ವಾ. ಜೋಪಾನ! ಹರಿದ ಎಲೆ ನೆಂಟರ ಮುಂದೆ ಹಾಕಂಗಿಲ್ಲ."

ನೈದಿಲೆಗೆ ಸಂತೋಷವೋ ಸಂತೋಷ.

ಆಗಲೇ ಎಲೆಯಡಿಯಿಂದ ಟಪ್ ಟಪ್ ಅಂತ ಸದ್ದು. ಕೊರಮೀನಮ್ಮ ಮೂತಿಯಿಂದ ತಟ್ಟುತ್ತಿದ್ದಳು. ಕೊರಮೀನಿಗೆ ನೀರೊಳಗಿನ ಉಸಿರು ಸಾಲದು ಮಗಾ, ಆಗಾಗ ಮೇಲೆ ಬಂದು ಗಾಳಿ ನುಂಗಬೇಕು.

"ತಾವರಕ್ಕಾ, ಚೂರು ದಾರಿ ಬಿಡೇ. ನನ್ನ ಮರಿಗಳಿಗೆ ಉಸಿರು ಕಟ್ಟುತಾ ಇದೆ."

"ಹರ್ಕೊಂಡು ಕೂತರೆ ಮದುವೆಮನೇಲಿ ನನ್ನ ಯಾರು ಕೇಳ್ತಾರೆ? ಆ ಕಡೆ ಹೋಗು," ಅಂದಳು ತಾವರೆ.

"ನೈದಿಲವ್ವಾ, ನೀನಾದರೂ..."

ನೈದಿಲೆ ತನ್ನ ಗುಂಡನೆಯ ಎಲೆ ನೋಡಿಕೊಂಡಳು. ತಟ್ಟುವ ಸದ್ದು ಮೆಲ್ಲಗಾಯಿತು. ಇನ್ನೂ ಮೆಲ್ಲಗಾಯಿತು.

"ಏಡಣ್ಣಾ!" ಅಂತ ಕೂಗಿಬಿಟ್ಟಳು ನೈದಿಲೆ. "ಓಡಿ ಬಾ, ನನ್ನ ಎಲೆ ಕತ್ತರಿಸು!"

ಏಡಿ ಅಡ್ಡಡ್ಡ ಓಡಿ ಬಂತು. "ಯೋಚನೆ ಮಾಡು ತಾಯಿ. ನಂಗೆ ಕತ್ತರಿಸೋಕೆ ಬರುತ್ತೆ, ಹೊಲಿಯೋಕೆ ಬರಲ್ಲ."

"ಹೊಲಿ ಅಂದೋರು ಯಾರು? ಬೇಗ!"

ಏಡಿ ಅಂಚಿನಿಂದ ದಂಟಿನವರೆಗೂ ಚರಕ್ಕನೆ ಸೀಳಿತು. ಸೀಳಿನಿಂದ ಒಂದು ಮೂತಿ ಬಂತು. ಅದರ ಹಿಂದೆ ಕೆಂಪು ಕೆಂಪು ಮರಿಗಳು, ಗುಳುಕ್ ಗುಳುಕ್ ಅಂತ ಗಾಳಿ ನುಂಗಿದವು. ಕಡೇ ಮರಿಗೆ ಶಕ್ತಿಯೇ ಇರಲಿಲ್ಲ. ತಾಯಿ ಹಣೆಯಿಂದ ನೂಕಿದಳು. ಅದೂ ಗುಳುಕ್ ಅಂತು.

ನೈದಿಲೆ ತನ್ನ ಅಷ್ಟೂ ಎಲೆ ಸೀಳಿಸಿಕೊಂಡಳು. ಬಿಸಿಲು ಗೆರೆಯಷ್ಟು ಇಳಿಯಿತು, ಕೆರೆಗೇನೂ ಆಗಲಿಲ್ಲ.

ಮದುವೆ ದಿನ ನಿಂಗಾಜಮ್ಮ ಎಲೆ ಎತ್ತಿ ನೋಡಿ ಲೊಚಗುಟ್ಟಿದಳು. "ಅಯ್ಯೋ, ಸಾರೆಲ್ಲ ಸೋರಿ ಹೋಗುತ್ತಲ್ಲೇ!" ತಾವರೆಯ ಎಲೆ ಮಾತ್ರ ಕೊಯ್ದು ಹೊರಟಳು. ಊರಲ್ಲಿ ವಾಲಗ ಕೇಳಿಸಿತು. ನೈದಿಲೆ ಸುಮ್ಮನೆ ಕೇಳುತ್ತಾ ಮಲಗಿದಳು. ಹೊಟ್ಟೆಯಡಿ ಮರಿಗಳು ಓಡಾಡಿ ಕಚಗುಳಿ ಇಟ್ಟವು.

ಆಮೇಲೆ? ಸೂರ್ಯ ಹದ ಕಲಿತ. ನಿಂಗಾಜಮ್ಮ ನೂರು ಮದುವೆಗೆ ಎಲೆ ಕೊಯ್ದು, ಮೊಮ್ಮಕ್ಕಳನ್ನು ಎತ್ತಾಡಿಸಿ ಹಾಯಾಗಿ ಕಣ್ಣುಮುಚ್ಚಿದಳು. ಇನ್ನೂ ಯಾರಾದರೂ ಕತ್ತರಿಸೋಕೆ ಕರೆದಾರು ಅಂತ ಹೆದರಿ ಏಡಿ ಬಿಲ ಸೇರಿತು. ಮೀನಿನ ಸಹವಾಸವೇ ಬೇಡ ಅಂತ ತಾವರೆ ಎಲೆಗಳನ್ನು ನೀರಿಂದ ಎತ್ತರಕ್ಕೆ ಎತ್ತಿ ಹಿಡಿದಳು. ನೈದಿಲೆ ನೀರಿಗೆ ಅಂಟಿಯೇ ಉಳಿದಳು.

ಅದಕ್ಕೇ ಮಗಾ, ಇವತ್ತೂ ಕೆರೆಯಲ್ಲಿ ಎಲೆ ಪೂರ್ತಿ ಗುಂಡಗೆ ಎದ್ದು ನಿಂತಿದ್ದರೆ ತಾವರೆ ಅನ್ನು. ನೀರ ಮೇಲೆ ಮಲಗಿ, ಒಂದು ಕಡೆ ದಂಟಿನವರೆಗೂ ಸೀಳಿದ್ದರೆ ನೈದಿಲೆ ಅನ್ನು. ಆ ಸೀಳಲ್ಲಿ ಗುಳ್ಳೆ ಎದ್ದರೆ, ಯಾವುದೋ ಮರಿ ಉಸಿರಿಗೆ ಬಂದಿದೆ ಅಂತ ತಿಳಿದುಕೋ.