ಹುಬ್ಬಿನ ಗಂಟು

"ಉಸ್ತಾದರ, ಮಾತು ನಿಂತವರ ತಲ್ಯಾಗ ಏನರ ಉಳದಿರ್ತದೋ, ಎಲ್ಲಾ ಹೋಗಿರ್ತದೋ?" ದ್ಯಾಮಣ್ಣ ಕೇಳಿದ. ಅವನ ಅವ್ವಗ ಲಕ್ವಾ ಹೊಡದು ಮೂರು ತಿಂಗಳಾಗಿತ್ತು. ಕರದ್ರ ಓ ಅನ್ನೂದಿಲ್ಲ.

ಗರಡಿಮನಿ ಉಸ್ತಾದ ತೊಡಿಗೆ ಮಣ್ಣು ತಿಕ್ಕೋತ ಅಂದ. "ಸಾಲಿ ಕಟ್ಟಿ ಹತ್ತಿದಾಂವಲ್ಲ ನಾನು. ಆದ್ರ ಈ ಸೀಮ್ಯಾಗ ನನ್ನಷ್ಟು ತಲಿ ಬಲ್ಲಾಂವ ಇನ್ನೊಬ್ಬ ಇಲ್ಲ. ಎಷ್ಟು ತಲಿ ಮಣ್ಣಿಗೆ ಹಚ್ಚೇನಿ, ಊರು ಬಲ್ಲದು. ಕುಂದ್ರು, ಕೇಳು."

ಒಬ್ಬ ನೇಕಾರ ಇದ್ದ. ಮಗ್ಗದ ಮ್ಯಾಲೆ ಸೀರಿ ಅರ್ಧಕ್ಕ ಬಂದಾಗ ಕುಸದು ಬಿದ್ದ. ಮಾತು ಹೋತು, ಕೈಕಾಲು ಹೋದವು. ಆ ಓಣ್ಯಾಗ ಒಂದು ಕಟ್ಟಳಿ. ನೇಕಾರಗ ಬುದ್ಧಿ ಇರೂತನಕ ಅವನ ಹಾಸು, ಅಂದ್ರ ಮಗ್ಗಕ್ಕ ಬಿಗದ ಉದ್ದನೂಲು, ಯಾರೂ ಕತ್ತರಸಂಗಿಲ್ಲ. ನಾಕು ತಿಂಗಳಿಗೆ ನೇಕಾರನ ತಮ್ಮ ಕತ್ತರಿ ಹಿಡಕೊಂಡು, ಓಣಿ ಹಿರ್ಯಾನ್ನ ಕರಕೊಂಡು ಬಂದ.

"ಅಣ್ಣನ ತಲಿ ಖಾಲಿ ಆಗೇದ, ವೈನಿ. ಮಗ್ಗ ನಾ ಒಯ್ತೀನಿ."

ಹೆಂಡತಿ ಮಗ್ಗಕ್ಕ ಅಡ್ಡ ನಿಂತಳು. ನಾಕು ತಿಂಗಳು ದಿನಾ ಮುಂಜಾನೆ ಗಂಡನ ಕಿವ್ಯಾಗ ನೇಯ್ಗಿ ಕೆಲಸದ ಮಾತು ಹೇಳಿದಾಕಿ ಆಕಿ. ಏನು ಕಂಡಿದ್ಳೋ ಅದು ಆಕಿಗೇ ಗೊತ್ತಿತ್ತು. ಹಿರ್ಯಾನ್ನ ಹಾಸಿಗಿ ಹತ್ರ ಕುಂದ್ರಿಸಿ, "ಮಾರಿ ನೋಡ್ರಿ" ಅಂದಳು.

ಗಂಡನ ಕಿವಿಗೆ ಬಾಗಿ ಹೇಳಿದಳು: "ನೂಲು ತೊಯ್ಸು, ಕಂಡಿಕಿ ಸುತ್ತು, ಲಾಳ್ಯಾಗ ಇಡು." ನೇಕಾರ ಸುಮ್ಮನ ಉಸರಾಡಿದ.

"ನೂಲು ತೊಯ್ಸು, ಕಂಡಿಕಿ ಸುತ್ತು, ಸಾರಿನ್ಯಾಗ ಕುದಸು."

ನೇಕಾರನ ಹುಬ್ಬು ಗಂಟಾತು.

"ನೊಣ ಕುಂತಿರಬೇಕು" ಅಂದ ತಮ್ಮ.

"ಹಂಗಾದ್ರ ನೊಣ ಹೊಡ್ಯಾಕ ನೀನ ನಿಂದ್ರು." ಆಕಿ ಬಿಡಲಿಲ್ಲ. "ಹಾಸು ಹೂಡು, ಗಂಜಿ ಹಚ್ಚು, ಬಿಸಲಿಗೆ ಒಣಗಸು." ಹುಬ್ಬು ಸಡಲಾತು. "ಹಾಸು ಹೂಡು, ಗಂಜಿ ಹಚ್ಚು, ಎಮ್ಮಿಗೆ ತಿನಸು." ಮತ್ತ ಗಂಟು. ಹತ್ತು ಸಲ ಹೇಳಿದಳು. ಕೂಡೂ ಮಾತಿಗೆ ಒಮ್ಮೆನೂ ಗಂಟು ಬೀಳಲಿಲ್ಲ, ಕೂಡದ ಮಾತಿಗೆ ಒಮ್ಮೆನೂ ತಪ್ಪಲಿಲ್ಲ.

"ಈ ತಲ್ಯಾಗ ಯಾರೂ ಇಲ್ಲಂದ್ರ, ತಪ್ಪು ಹಿಡದಾಂವ ಯಾಂವ?" ಅಂದಳು.

ಹಿರ್ಯಾ ಕತ್ತರಿ ಇಸಗೊಂಡು ತನ್ನ ಕಿಸೆದಾಗ ಇಟ್ಟುಕೊಂಡ.

ಉಸ್ತಾದ ಕತಿ ನಿಲ್ಲಿಸಿದ.

"ಮುಂದ ಆ ನೇಕಾರಗ ಮಾತು ಬಂತೇನ್ರಿ?" ದ್ಯಾಮಣ್ಣ ಕೇಳಿದ.

"ಅದಿರಲಿ, ನಿಮ್ಮವ್ವನ ಮುಂದ ಕುಂತು ನೀ ಮಾತಾಡಿ ಎಷ್ಟು ದಿನಾತು?"